ಒಂದು ಕೆಜಿ ಮುನ್ನೂರ ಹನ್ನೆರಡು ಗ್ರಾಂ

ಮಾರ್ಚ್ 3, ಸೋಮವಾರ

ಬಂದೂಕು ರಿಪೇರಿ ಅಂಗಡಿಯಲ್ಲಿ ಎರಡು ಸ್ಪ್ರಿಂಗ್ ಬದಲಿಸಿದೆ. ಒಂದು ಏರ್‌ಗನ್ ವಾಪಸ್ ಕಳಿಸಿದೆ. ಹನ್ನೊಂದಕ್ಕೆ ನಮ್ಮೂರಿನ ಶೂಟಿಂಗ್ ಕ್ಲಬ್ಬಿನ ಚಾಂಪಿಯನ್ನರ ಹೆಂಡತಿ ಬಂದರು. ಚಾಂಪಿಯನ್ ತೀರಿಕೊಂಡು ಎಂಟು ತಿಂಗಳು. ಕೈಯಲ್ಲಿ ಉದ್ದನೆಯ ಚರ್ಮದ ಪೆಟ್ಟಿಗೆ. ನೋಡಿದ ತಕ್ಷಣ ಗೊತ್ತಾಯಿತು — ಅದೇ ಬಂದೂಕು.

ಅಪ್ಪ ಆಗ ಕ್ಲಬ್ಬಿನ ಗನ್‌ಸ್ಮಿತ್, ಬಂದೂಕು ರಿಪೇರಿ ಮಾಡುವವರು; ಅವರ ಹೆಸರು ಕೆಟ್ಟಿದ್ದು ಇದರಿಂದಲೇ. ಮೂವತ್ತೊಂದು ವರ್ಷದ ಹಿಂದೆ ಕ್ಲಬ್ ಸೆಕ್ರೆಟರಿ ಎಲ್ಲರೆದುರು ಹೇಳಿಬಿಟ್ಟರು: ಇದು ಮಾಮೂಲಿ ಬೇಟೆ ಬಂದೂಕು, ನಮ್ಮ ಗನ್‌ಸ್ಮಿತ್ ಎರಡೂ ಬ್ಯಾರಲ್ ಕತ್ತರಿಸಿ, ಫ್ಯಾಕ್ಟರಿಯಲ್ಲೇ ಸ್ಕೀಟ್ ಆಟಕ್ಕೆ ಮಾಡಿದ ಬಂದೂಕು ಅಂತ ಚಾಂಪಿಯನ್ ತಲೆಗೆ ಕಟ್ಟಿದ್ದಾರೆ ಎಂದು. ಬಿಚ್ಚಿ ತೂಗಿ ನೋಡಿ ಎಂದರಂತೆ ಅಪ್ಪ. ಯಾರೂ ಕೇಳಲಿಲ್ಲ. ಚಾಂಪಿಯನ್ ಪೆಟ್ಟಿಗೆ ಮುಚ್ಚಿದವರು ಮತ್ತೆ ತೆರೆಯಲಿಲ್ಲ. ಅಪ್ಪ ಕ್ಲಬ್ ಮೆಟ್ಟಿಲು ಹತ್ತಲಿಲ್ಲ.

ಈಗ ಕ್ಲಬ್ಬಿನ ಗಾಜಿನ ಕಪಾಟಿಗೆ ಇದು ಬೇಕಂತೆ. ‘ಬ್ಯಾರಲ್ ತಯಾರಾದ ನಂತರ ಕತ್ತರಿಸಿದ್ದು’ ಎಂಬ ಕಾರ್ಡ್ ಸಮೇತ! ಭಾನುವಾರ ಕಮಿಟಿ. ಆಕೆ ಹೇಳಿದ್ದು ಇಷ್ಟೇ: “ನೀನೇ ನೋಡಿ ಹೇಳಮ್ಮ. ನಿಮ್ಮಪ್ಪ ಕತ್ತರಿಸಿದ್ರೆ ಕತ್ತರಿಸಿದ್ರು ಅಂತಲೇ ಹೇಳು.”

ಮಾರ್ಚ್ 4

ಪೂರ್ತಿ ಬಿಚ್ಚಿದೆ. ಸಣ್ಣ ಭಾಗಗಳನ್ನೆಲ್ಲ ಸೀಮೆಎಣ್ಣೆ ಬಟ್ಟಲಿಗೆ ಹಾಕಿದೆ. ಬ್ಯಾರಲ್, ಬಾಡಿ, ಮರ ಮೂರರಲ್ಲೂ ಒತ್ತಿದ ನಂಬರ್ ಒಂದೇ, ಭಾಗ ಬದಲಾಗಿಲ್ಲ. ಗುಂಡು ಹಾರದಂತೆ ತಡೆಯುವ ಸೇಫ್ಟಿ ತಾನಾಗಿ ಹಿಂದಕ್ಕೆ ಬರುವುದಿಲ್ಲ, ಬೇಟೆ ಬಂದೂಕಿನಲ್ಲಾದರೆ ಬರುತ್ತದೆ. ಭುಜಕ್ಕೆ ಒರಗುವ ಮರದ ತುದಿಗೆ ರಬ್ಬರ್ ಇಲ್ಲ, ಮರದಲ್ಲೇ ಚೌಕಳಿ ಕೆತ್ತಿದ್ದಾರೆ. ಎಲ್ಲ ಸ್ಕೀಟ್ ಲಕ್ಷಣವೇ.

ಬ್ಯಾರಲ್‌ದೇ ತಕರಾರು. ಸ್ಕೀಟ್ ಅಂದರೆ ಹಾರುವ ಮಣ್ಣಿನ ತಟ್ಟೆಯನ್ನು ಹತ್ತಿರದಿಂದ ಒಡೆಯುವ ಆಟ — ಬ್ಯಾರಲ್ ಗಿಡ್ಡ, ಬಾಯಿ ಅಗಲ. ಕತ್ತರಿಸಿದ ಬ್ಯಾರಲ್ಲೂ ಹಾಗೇ ಕಾಣುತ್ತದೆ. ಎರಡು ಬಾಯಿಗಳ ನಡುವೆ ಕೂದಲೆಳೆಯಷ್ಟು ಸಂದು, ಅದಕ್ಕೆ ಬೆಸುಗೆ ತುಂಬಿದೆ. ಎರಡು ಬ್ಯಾರಲ್ ಕೂಡುವುದು ತುದಿಯಲ್ಲಿ, ತುದಿ ಹೋದರೆ ಸಂದು ಬೀಳುತ್ತದೆ; ಕತ್ತರಿಸಿದ್ದಕ್ಕೆ ಮೊದಲ ಗುರುತೇ ಅದು. ಆದರೆ ಬ್ಯಾರಲ್‌ಗಳ ಮೇಲೆ ಉದ್ದಕ್ಕೂ ಇರುವ ಪಟ್ಟಿಯ ಗೀರುಗಳು ತುದಿಗೆ ಒಂದು ಬೆರಳು ಮುಂಚೆ ಅಚ್ಚುಕಟ್ಟಾಗಿ ನಿಂತಿವೆ. ಕತ್ತರಿಸಿದ್ದರೆ ಅಂಚಿನವರೆಗೂ ಓಡಬೇಕಿತ್ತು.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಪ್ಪನ ಕೈಗೆ ಅಂಥ ಅಂಚು ಮಾಡುವುದು ಒಂದು ಮಧ್ಯಾಹ್ನದ ಕೆಲಸ.

ಮಾರ್ಚ್ 5

ಬ್ಯಾರಲ್ ಅಡಿಯಲ್ಲಿ ಫ್ಯಾಕ್ಟರಿ ಮುದ್ರೆ: 1.312. ಕಳಿಸುವ ಮುಂಚೆ ಬ್ಯಾರಲ್ ತೂಗಿ ಒತ್ತಿದ್ದು. ಕತ್ತರಿಸಿದವನು ಏನೇ ಮರೆಸಲಿ, ತೂಕ ಮರೆಸಲಾರ. ನಮ್ಮೆಜಮಾನರು ಕೇಕ್ ಹಿಟ್ಟು ತೂಗುವ ತಕ್ಕಡಿ ತಂದೆ, ಅವರು ಗೊಣಗುತ್ತಿದ್ದರೂ. ಇಟ್ಟೆ.

1.276.

ಮೂವತ್ತಾರು ಗ್ರಾಂ ಕಡಿಮೆ. ಮೂರು ಸಲ ಇಟ್ಟೆ. ತುದಿಯಿಂದ ಒಂದಿಂಚು ಹೋಗಿದ್ದರೆ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ.

ಅಪ್ಪ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು...

ಮಾರ್ಚ್ 8, ಶನಿವಾರ, ಬೆಳಗ್ಗೆ 10

ನನ್ನಂಥ ಪೆದ್ದಿ ಈ ಭೂಮಿ ಮೇಲಿಲ್ಲ.

ಮೂರು ದಿನ ಅಪ್ಪನಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಇವತ್ತು ಕಾಫಿ ಕುಡಿಯುವಾಗ ಅವರೇ ತೆಗೆದರು, ತೂಗಿದೆಯಾ ಎಂದು. ಎಷ್ಟು ಬಂತು ಎಂದು ಹೇಳಿದೆ. ರೇಗುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

“ಇಜೆಕ್ಟರ್ ಎಲ್ಲಿಟ್ಟಿದೀಯ?”

ಸೀಮೆಎಣ್ಣೆ ಬಟ್ಟಲಲ್ಲಿ! ಖಾಲಿ ತೋಟಾ ಹೊರಗೆ ಹಾರಿಸುವ ಎರಡು ಪುಟ್ಟ ತುಂಡು. ಕೂತಿರುವುದು ಬ್ಯಾರಲ್‌ನಲ್ಲೇ, ಫ್ಯಾಕ್ಟರಿ ತೂಗಿದ್ದೂ ಅವುಗಳ ಸಮೇತ. ತೊಳೆಯಲು ನಾನೇ ಬಿಚ್ಚಿದ್ದೆ — ಹಾಗೆ ತೊಳೆಯಲು ಕಲಿಸಿದವರೂ ಅಪ್ಪನೇ. ಓಡಿಹೋಗಿ ಒರೆಸಿ ಕೂರಿಸಿ ತೂಗಿದೆ.

1.312.

ಅಲ್ಲೇ ಸ್ಟೂಲ್ ಮೇಲೆ ಕೂತು ಅತ್ತೆ. ಮೂರು ದಿನ ನನ್ನಪ್ಪನನ್ನು ಕಳ್ಳ ಅಂದುಕೊಂಡಿದ್ದೆನಲ್ಲ, ಅದಕ್ಕೆ. ಬಾಗಿಲಲ್ಲಿ ನಿಂತ ಅಪ್ಪ, ಹೋಗಲಿ ಬಿಡು, ಹಲ್ಲಿನ ಸೆಟ್ ತೆಗೆದಿಟ್ಟು ನನ್ನ ತೂಕ ನೋಡಿದ ಹಾಗಾಯ್ತು ಎಂದರು. ಅಳುತ್ತಲೇ ನಕ್ಕೆ.

ಮಾರ್ಚ್ 9, ಭಾನುವಾರ

ಗೆದ್ದೆ!!

ಅಪ್ಪ ಬರಲಿಲ್ಲ. ಬಂದೂಕು, ತಕ್ಕಡಿ, ಒಂದು ಕೆಜಿ ತೂಕದ ಬಟ್ಟು — ಮೂರನ್ನೂ ಹೊತ್ತು ನಾನೇ ಹೋದೆ. ಕಮಿಟಿಯಲ್ಲಿ ಆರು ಜನ, ನಡುವೆ ಸೆಕ್ರೆಟರಿ. ಎಂಬತ್ತು ದಾಟಿದರೂ ಧಿಮಾಕು ಇಳಿದಿಲ್ಲ. ಅಡುಗೆಮನೆ ತಕ್ಕಡಿಯಾ ಎಂದು ಕೊಂಕು ತೆಗೆದರು. ಮೊದಲು ಬಟ್ಟು ಇಟ್ಟೆ. ಸರಿಯಾಗಿ ಒಂದು ಕೆಜಿ. ಕೊಂಕು ಅಲ್ಲಿಗೆ ನಿಂತಿತು. ಮುದ್ರೆಯನ್ನು ಅವರಿಂದಲೇ ಜೋರಾಗಿ ಓದಿಸಿದೆ. ಬ್ಯಾರಲ್ಲನ್ನೂ ಅವರ ಕೈಯಲ್ಲೇ ಇಡಿಸಿದೆ.

ತಕ್ಕಡಿಯಲ್ಲೂ 1.312. ಸೆಕ್ರೆಟರಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಮತ್ತೆ ಆ ಸಂದು ಏನು ಎಂದು ಕೇಳಿದರು. ಫ್ಯಾಕ್ಟರಿಯವರೇ ಬಿಟ್ಟಿದ್ದು, ಅವರೇ ತುಂಬಿದ್ದು ಎಂದೆ. ಹಿಂದೆ ಕೂತಿದ್ದ ಚಾಂಪಿಯನ್ನರ ಹೆಂಡತಿ ಎದ್ದು ಬಂದು ಆ ಕಾರ್ಡ್ ಹರಿದು ಎರಡು ತುಂಡು ಮಾಡಿದರು.

ಹೊರಡುವಾಗ ಸೆಕ್ರೆಟರಿ ಕಾರಿನ ತನಕ ಬಂದರು. ತಕ್ಕಡಿ ಅವರೇ ಹಿಡಿದಿದ್ದರು.

“ಅವತ್ತು ತೂಗಬೇಕಿತ್ತು,” ಎಂದರು. “ನಾನು ಬಂದ್ರೆ ನಿಮ್ಮಪ್ಪ ಬಾಗಿಲು ತೆಗೀತಾರಾ?”

ಮಾರ್ಚ್ 11

ಸೆಕ್ರೆಟರಿ ಬಂದಿದ್ದರು. ಎಲ್ಲರೆದುರು ಹೇಳಿದ್ದು ನಾನು, ಎಲ್ಲರೆದುರೇ ತಪ್ಪಾಯಿತು ಅಂತೀನಿ, ಭಾನುವಾರ ಬನ್ನಿ ಎಂದರು. ಅಪ್ಪ ಅವರಿಗೆ ಕುರ್ಚಿ ಎಳೆದು ಕೊಟ್ಟರು. ಆ ಬಂದೂಕಿನ ಎಡಗಡೆ ಟ್ರಿಗರ್ ಈಗಲೂ ಬಿಗಿಯಾ ಎಂದು ಕೇಳಿದರು. ಇಬ್ಬರೂ ಒಂದೂವರೆ ಗಂಟೆ ಟ್ರಿಗರ್ ಬಗ್ಗೆಯೇ ಮಾತಾಡಿದರು.

ಮಾರ್ಚ್ 16, ಭಾನುವಾರ, ಬೆಳಗ್ಗೆ 8

ಅಪ್ಪ ಆರಕ್ಕೇ ಎದ್ದು ಶೇವ್ ಮಾಡಿದ್ದಾರೆ. ಇಸ್ತ್ರಿ ಶರ್ಟ್, ಪಾಲಿಶ್ ಮಾಡಿದ ಶೂ. ತಿಂಡಿ ಬೇಡವಂತೆ, ಕ್ಲಬ್ಬಿನಲ್ಲಿ ತಿನ್ನುತ್ತಾರಂತೆ. ಕ್ಲಬ್ಬಿನಲ್ಲಿ! ಆಗಲೇ ಕಾರಿನಲ್ಲಿ ಕೂತಾಗಿದೆ. ನಾನು ಇವತ್ತೇ ಬರೆದಿಡೋಣ ಎಂದು ಪೆನ್ ಹಿಡಿದರೆ ಹಾರ್ನ್ ಮೇಲೆ ಹಾರ್ನ್... ಬೀದಿಯವರೆಲ್ಲ ಕಿಟಕಿಗೆ ಬಂದಿದ್ದಾರೆ. ಬಂದೆ ಅಪ್ಪ, ಬಂ