ಗುಳುಗುಳು ಸದ್ದು

ಡಾಕ್ಟರ್ ಸಾಹೇಬರಿಗೆ,

ಸರ್, ಸನ್ಮಾನದ ನಡುವೆ ತೊಂದರೆ ಕೊಡುತ್ತಿದ್ದೇನೆ, ಆಮೇಲೆ ಬೈಯಿರಿ. ಮೊದಲು ವಾರ್ಡಿನ ಕಪಾಟಿನ ಕೀ ಕಳಿಸಿ. ಅದು ನಿಮ್ಮ ಕೋಟಿನ ಜೇಬಿನಲ್ಲಿದೆ.

ನೀವು ಅತಿಥಿಗಳ ಜೊತೆ ಹೊರಟ ಹತ್ತೇ ನಿಮಿಷಕ್ಕೆ ಕರೆಂಟ್ ಹೋಯಿತು. ನಮ್ಮಲ್ಲಿ ಜನರೇಟರ್ ಎಲ್ಲಿದೆ? ಇವತ್ತು ರಿಬ್ಬನ್ ಕತ್ತರಿಸಿದ ಉಸಿರಾಟದ ಮೆಷಿನ್ ಸುಮ್ಮನೆ ನಿಂತಿದೆ. ಏಳು ತಿಂಗಳಿಗೇ ಹುಟ್ಟಿದ ಕೂಸು ಒಂದೊಂದು ಉಸಿರಿಗೂ ಒದ್ದಾಡುತ್ತಿದೆ. ಸಿಲಿಂಡರ್ ತುಂಬ ಆಕ್ಸಿಜನ್ ಇದೆ. ಹಳೆ ಜ್ಯೂಸ್ ಬಾಟಲಿಗೆ ನೀರು ತುಂಬಿ ನಾವೇ ಮಾಡಿದ, ಗುಳ್ಳೆ ಏಳಿಸುತ್ತಾ ಅದನ್ನು ಹದವಾದ ಒತ್ತಡದಲ್ಲಿ ಕೊಡುವ ಬಾಟಲಿ ಕಪಾಟಿನಲ್ಲಿದೆ. ಆ ಪುಟ್ಟ ಮೂಗಿಗೆ ಹೊಂದುವ ಕೊಳವೆಯೂ ಅದರ ಜೊತೆಗೇ ಇದೆ.

"ಬಂದವರ ಮುಂದೆ ಈ ಜ್ಯೂಸ್ ಬಾಟಲಿ ಇಟ್ಟು ಮಾನ ಕಳೀಬೇಡಿ" ಅಂದಿರಿ. ನಾನೂ ನಾಚಿಕೊಂಡು ಕೈಯಾರೆ ಒಳಗಿಟ್ಟೆ, ನೀವು ಬೀಗ ಹಾಕಿ ಕೀ ಜೇಬಿಗಿಳಿಸಿದಿರಿ. ಕರೆಂಟೇ ಬೇಡದೆ ಮೂರು ವರ್ಷ ಕೂಸುಗಳನ್ನು ಉಳಿಸಿದ ಬಾಟಲಿಗೆ ನಾಚಿದೆನಲ್ಲ, ನನಗೇನು ಬಡಿದಿತ್ತೋ!

ಆಯಾ ಇಟ್ಟಿಗೆಯಿಂದ ಬೀಗ ಜಜ್ಜುತ್ತಿದ್ದಾಳೆ, ಅದು ಜಗ್ಗುತ್ತಿಲ್ಲ. ನಿಮ್ಮ ಫೋನ್ ಬಂದ್ ಆಗಿದೆ.

ಈ ಕಾಗದ ತಂದವರು ಕೂಸಿನ ತಂದೆ. ಅವರಿಗೆ ಓದಲು ಬಾರದು. ಏನೂ ಹೇಳಬೇಡಿ, ಕೀ ಕೈಗಿಟ್ಟು ಓಡಲು ಹೇಳಿ. ಅವರ ದೊಡ್ಡ ಮಗಳು ಬದುಕಿದ್ದೂ ಅದೇ ಬಾಟಲಿಯಿಂದ. ಆಗ ಬಾಗಿಲಾಚೆ ಕೂತು, ನೀರಿನ ಗುಳುಗುಳು ಸದ್ದು ಕೇಳುತ್ತಾ ಧೈರ್ಯ ತಂದುಕೊಳ್ಳುತ್ತಿದ್ದರು.

ಈಗಷ್ಟೇ ಕೇಳಿದರು, "ಸಿಸ್ಟರ್, ಆ ಸದ್ದು ಯಾಕೆ ಬರ್ತಿಲ್ಲ?"

"ಹೊಸ ಮೆಷಿನ್ ಸದ್ದು ಮಾಡಲ್ಲಪ್ಪ" ಅಂದಿದ್ದೇನೆ.

ದಾರಿ ಕಾಯುತ್ತಿರುವ,
ಮಕ್ಕಳ ವಾರ್ಡಿನ ಸಿಸ್ಟರ್