ನಿಮ್ಮಪ್ಪ ನುಂಗಿದ ಶನಿವಾರ

ನೆಯಾಫು ಬಂದರು, ಟೋಂಗಾ
ಆಗಸ್ಟ್ ೧೩, ಸೋಮವಾರ
(ದಡದಲ್ಲಿ ಲೂಪೆಯನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ)

ಪ್ರೀತಿಯ ಮಗಳು ಪಿಪ್ಪಾ,

ನಿನ್ನ ಮೊಣಕಾಲು ಹೇಗಿದೆ? ನಿಮ್ಮ ನೆಲ್ಸನ್ ಊರಿನಲ್ಲಿ ಈಗ ಕೊರೆಯುವ ಚಳಿ ಇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕಾಲು ನೆಲಕ್ಕೆ ಊರಬೇಡ, ಹಾಸಿಗೆಯಲ್ಲೇ ಸ್ವಲ್ಪ ಉಜ್ಜಿಕೋ. ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೇನೆ. ಚಿಂತೆ ಇರುವುದು ನಿಮ್ಮಪ್ಪನದು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರಲ್ಲ, ಇವರಿಗೆ ಹತ್ತು ವರ್ಷ ತಡವಾಗಿ ಹಿಡಿಯಿತೋ, ಅಥವಾ ನನ್ನನ್ನು ಆಟ ಆಡಿಸುತ್ತಿದ್ದಾರೋ, ಒಂದೂ ಬಗೆಹರಿಯುತ್ತಿಲ್ಲ. ಎಲ್ಲವನ್ನೂ ಬರೆಯುತ್ತೇನೆ, ನೀನೇ ಹೇಳು.

ಗುರುವಾರ ಬೆಳಿಗ್ಗೆ ನಿಯೂಯೆ ದ್ವೀಪ ಬಿಟ್ಟೆವು. ಟೋಂಗಾಕ್ಕೆ ಎರಡು ದಿನದ ದಾರಿ. ಗಾಳಿ ಬೆನ್ನ ಹಿಂದೆಯೇ ಇತ್ತು, ನಮ್ಮ ಹಾಯಿದೋಣಿ ಕೋಟರೆ ಮದುಮಗಳ ಹಾಗೆ ಬಳುಕಿಕೊಂಡು ಬಂತು. ದೋಣಿ ಚೆನ್ನಾಗಿತ್ತು, ಯಜಮಾನರು ಚೆನ್ನಾಗಿರಲಿಲ್ಲ. ನನ್ನ ಕಾವಲಿನ ಪಾಳಿ ಬಂದರೆ ಎಬ್ಬಿಸುವುದಿಲ್ಲ, ಇಬ್ಬರ ಪಾಳಿಯನ್ನೂ ತಾವೇ ಮಾಡಿ ಕಣ್ಣು ಕೆಂಪಗೆ ಮಾಡಿಕೊಂಡು ಕೂರುತ್ತಾರೆ. ನಾನು ಮೇಲೆ ಹತ್ತಿದರೆ ನನ್ನ ಸುರಕ್ಷತೆಯ ಪಟ್ಟಿಯನ್ನು ತಾವೇ ಕಟ್ಟಿ, ಕೊಂಡಿಯನ್ನು ಎರಡು ಸಲ ಎಳೆದು ನೋಡುತ್ತಾರೆ. ಒಲೆಯ ಮೇಲೆ ಕೆಂಪು ಶಾಯಿಯಲ್ಲಿ "ಗ್ಯಾಸ್ ಆರಿಸು" ಎಂದು ಚೀಟಿ ಅಂಟಿಸಿದ್ದಾರೆ. ನನಗೆ ಉರಿದುಹೋಯಿತು. ಹತ್ತೊಂಬತ್ತು ವರ್ಷದಿಂದ ಈ ತೂಗುವ ಒಲೆಯಲ್ಲಿ ಅಡುಗೆ ಮಾಡಿದವಳಿಗೆ ಇವರು ಪಾಠ ಹೇಳುವುದೇ! ಕೇಳಿದರೆ, "ನಿಂಗಲ್ಲ ಮಾರಾಯ್ತಿ, ನನ್ನ ಮರೆವಿಗೆ ಅಂಟಿಸಿಕೊಂಡಿದ್ದು" ಅಂದರು. ತಾವೇ ಒಪ್ಪಿಕೊಂಡ ಮೇಲೆ ನಾನೇನು ಹೇಳಲಿ?

ಇನ್ನು ಮಾನ ಹೋದ ಕಥೆ ಕೇಳು. ಮೂರನೇ ದಿನ ಬೆಳಿಗ್ಗೆ ಕೊಲ್ಲಿಯೊಳಗೆ ಬಂದು ಲಂಗರು ಹಾಕಿದೆವು, ಅಧಿಕಾರಿಗಳ ತಪಾಸಣೆಗೆಂದು ಹಳದಿ ಬಾವುಟ ಏರಿಸಿದೆವು. ಶನಿವಾರ, ಒಳ್ಳೆ ಬಿಸಿಲು, ಎರಡು ವಾರದ ಕೊಳೆಬಟ್ಟೆ ಬೇರೆ. ಕುಕ್ಕಿ ಒಗೆದು ದೋಣಿಯ ಸುತ್ತ ಹಗ್ಗಕ್ಕೆಲ್ಲ ನೇತುಹಾಕಿದೆ. ನಿಮ್ಮಪ್ಪ ಆಗ ಕೆಳಗೆ ನಿದ್ದೆಯಲ್ಲಿದ್ದರು. ದಡದ ಚರ್ಚಿನಿಂದ ಹಾಡು ಕೇಳುತ್ತಿತ್ತು, ಯಾರದೋ ಮದುವೆ ಇರಬೇಕು ಅಂದುಕೊಂಡೆ. ಹಾಡು ನಿಂತಿತು, ಜನ ಹೊರಗೆ ಬಂದರು, ಇಲ್ಲಿನ ರೂಢಿಯಂತೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಅಷ್ಟೂ ಜನ ದಡದಲ್ಲಿ ನಿಂತು ನಮ್ಮನ್ನೇ ನೋಡಿದರು. ಮಾರುಕಟ್ಟೆಯಲ್ಲಿ ಬಾಳೆಹಣ್ಣು ಮಾರುವ ಲೂಪೆ ನೆನಪಿದ್ದಾಳಲ್ಲ, ನಿನ್ನ ಕೂದಲು ಹೆಣೆದವಳು? ಅವಳು ನೀರಿನ ಅಂಚಿಗೆ ಬಂದು ಕೂಗಿದಳು: "ಏ ನೋಯ್ಲೀನ್! ಇವತ್ತು ಭಾನುವಾರ ಕಣೇ! ನಮ್ಮೂರಲ್ಲಿ ಸತ್ತರೂ ಇವತ್ತು ಬಟ್ಟೆ ಒಗೆಯಲ್ಲ. ಪಾದ್ರಿಗೆ ನಿನ್ನ ಗಂಡನ ಚಡ್ಡಿ ದರ್ಶನ ಮಾಡಿಸ್ತಿದ್ದೀಯಲ್ಲೇ!" ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಸುತ್ತ ಬರೀ ನೀರು. ಒದ್ದೆ ಬಟ್ಟೆಯನ್ನೆಲ್ಲ ಬಾಚಿಕೊಂಡು ಕೆಳಗೆ ಓಡಿದೆ.

ಏನಾಗಿತ್ತು ಅಂತ ನಿನಗೆ ಹೇಳಬೇಕಿಲ್ಲ. ನಿಯೂಯೆಗೂ ಟೋಂಗಾಕ್ಕೂ ನಡುವೆ ತಾರೀಖಿನ ಗೆರೆ ಇದೆ, ಪಶ್ಚಿಮಕ್ಕೆ ದಾಟಿದರೆ ಕ್ಯಾಲೆಂಡರಿನಿಂದ ಒಂದು ದಿನ ಉದುರುತ್ತದೆ. ಈ ಗೆರೆ ನನಗೇನು ಹೊಸದಲ್ಲ, ಹೀಗೆ ಐದು ಸಲ ದಾಟಿದ್ದೇನೆ. ದೋಣಿಯ ದಿನಚರಿ ಬರೆಯುವವಳೂ ನಾನೇ, ಪ್ರತಿ ಸಲ ನನ್ನ ಕೈಯಿಂದಲೇ ಆ ದಿನವನ್ನು ಬಿಟ್ಟು ಬರೆದಿದ್ದೇನೆ. ಈ ಸಲ ಹೇಗೆ ತಪ್ಪಿತು? ನಿಮ್ಮಪ್ಪನನ್ನು ಎಬ್ಬಿಸಿ ಕೇಳಿದೆ. ಅವರು ನನ್ನ ಮುಖವನ್ನೂ ಒದ್ದೆ ಬಟ್ಟೆಯ ರಾಶಿಯನ್ನೂ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ನಕ್ಕರು. "ಬೇಕಂತಲೇ ನೆನಪಿಸಲಿಲ್ಲ ಕಣೆ. ಉದುರಿದ್ದು ಹನ್ನೊಂದನೇ ತಾರೀಖು, ನಂಗೆ ಎಪ್ಪತ್ತು ತುಂಬಬೇಕಾಗಿದ್ದ ದಿನ. ಹುಟ್ಟಿದ ದಿನ ಬರಲೇ ಇಲ್ಲ ಅಂದಮೇಲೆ ನಂಗಿನ್ನೂ ಅರವತ್ತೊಂಬತ್ತೇ. ಮುದುಕನ ಎಪ್ಪತ್ತು ಸಮುದ್ರಪಾಲು!" ಅಂದರು. ಕಳ್ಳ!

ಅವರ ಕಳ್ಳಾಟ ಯಾಕೆಂದು ನಿನಗೆ ತಿಳಿಯಿತಲ್ಲ? ಅಪ್ಪನಿಗೆ ಎಪ್ಪತ್ತಾದ ದಿನ ದೋಣಿ ಮಾರಿ ದಡ ಸೇರುತ್ತೇವೆ ಎಂದು ನಿನಗೆ ಇಬ್ಬರೂ ಮಾತು ಕೊಟ್ಟಿದ್ದೆವು. ನಿನ್ನ ಬೀದಿಯ ಕೊನೆಯ ಆ ಪುಟ್ಟ ಮನೆಯನ್ನು ಈ ತಿಂಗಳ ಕೊನೆಯವರೆಗೆ ನಮಗಾಗಿ ಹಿಡಿದಿಟ್ಟಿದ್ದೀ. ನಾನು ನಿಮ್ಮಪ್ಪನನ್ನು ಚೆನ್ನಾಗಿ ಬೈದೆ. ಆದರೆ ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯೂ ಆಯಿತು. ಇನ್ನೊಂದು ವರ್ಷ! ಬೆಳಿಗ್ಗೆ ಎದ್ದು ಅಂಗಳದ ಹುಲ್ಲು ನೋಡುವುದಕ್ಕೆ ನಾನಿನ್ನೂ ಸಿದ್ಧಳಾಗಿಲ್ಲ. ಆದರೂ ಒಂದು ಗೋಜಲು ಬಿಡುತ್ತಿಲ್ಲ. ಆ ಬೆಳಿಗ್ಗೆಯೆಲ್ಲ ನನ್ನ ತಲೆಯಲ್ಲಿ ಅದು ಶನಿವಾರವೇ, ಹನ್ನೊಂದೇ. ಹಾಗಾದರೆ ನಾನು ಅವರಿಗೆ ಹುಟ್ಟುಹಬ್ಬದ ಮಾತೇ ಆಡಲಿಲ್ಲವಲ್ಲ, ಯಾಕೆ? ಬಟ್ಟೆಯ ಗಡಿಬಿಡಿ ಇರಬೇಕು.

ಇವತ್ತು ಅಧಿಕಾರಿಗಳು ಬಂದು ಕಾಗದಕ್ಕೆ ಮುದ್ರೆ ಒತ್ತಿದರು. ಲೂಪೆ ನೆಲದೊಲೆಯಲ್ಲಿ ಬೆಂದ ಕೆಸುವಿನೆಲೆ, ತೆಂಗಿನಹಾಲಿನ ಪೊಟ್ಟಣ ತಂದುಕೊಟ್ಟಳು, "ಒಣಗಿದವಾ?" ಅಂತ ಚುಚ್ಚದೆ ಹೋಗಲಿಲ್ಲ. ನೀನು ಆ ಮನೆಯವರಿಗೆ, ಇನ್ನೊಂದು ವರ್ಷ ನಮ್ಮ ದಾರಿ ಕಾಯಬೇಡಿ ಎಂದು ಹೇಳಿಬಿಡು. ಅಪ್ಪನನ್ನು ಮಾತ್ರ ಯಾರಾದರೂ ಡಾಕ್ಟರ್ ಹತ್ತಿರ ತೋರಿಸಬೇಕು, ಆ ಚೀಟಿ ಗೀಟಿ ಒಳ್ಳೆಯದಲ್ಲ. ನಿನ್ನ ಮೊಣಕಾಲು ಹೇಗಿದೆ? ಚಳಿಯಲ್ಲಿ ಎದ್ದ ಕೂಡಲೇ ಕಾಲು ಊರಬೇಡ.

ನಿನಗೂ ನಿನ್ನ ಮನೆಗೂ ಸದಾ ಒಳ್ಳೆಯ ಗಾಳಿಯೇ ಬೀಸಲಿ.

ನಿನ್ನ ಅಮ್ಮ,
ನೋಯ್ಲೀನ್

ಮರೆತ ಮಾತು: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದ್ದೇನೆ. ಅಪ್ಪ ಬ್ರೆಡ್ ತರಲು ದಡಕ್ಕೆ ಹೋಗಿದ್ದಾರೆ, ಬರುವುದರೊಳಗೆ ಮುಗಿಸಬೇಕು. ಅವರ ಕಳ್ಳತನಕ್ಕೆ ಸಾಕ್ಷಿ ಕಳಿಸೋಣ ಎಂದು ದಿನಚರಿ ತೆಗೆದೆ. ನಿಯೂಯೆಯಲ್ಲಿದ್ದಾಗಿನ ಬುಧವಾರದ ಪುಟದಲ್ಲಿ ಹೀಗಿದೆ: "ಶುಕ್ರವಾರ ಆದಮೇಲೆ ಭಾನುವಾರ. ಶನಿವಾರ ಬಿಡಬೇಕು. ಮುದುಕನ ಎಪ್ಪತ್ತು ಸಮುದ್ರಪಾಲು! ರೇಗಿಸಬೇಕು." ಅಕ್ಷರ ನನ್ನದು, ಪಿಪ್ಪಾ. ಬರೆದದ್ದು ನೆನಪೇ ಇಲ್ಲ. ಹಿಂದಿನ ಪುಟಗಳನ್ನೂ ನೋಡಿದೆ. ಬೋರಾ ಬೋರಾ ದ್ವೀಪ ಬಿಟ್ಟಾಗಿನಿಂದ ನನ್ನ ಶಾಯಿಯ ತಾರೀಖಿನ ಪಕ್ಕ, ಗಂಟೆಯ ಪಕ್ಕ, ಅವರ ಪೆನ್ಸಿಲ್ಲಿನ ಸಣ್ಣ ಸಣ್ಣ ತಿದ್ದುಪಡಿ. ಒಂದೇ ಮಂಗಳವಾರವನ್ನು ಮೂರು ಪುಟದಲ್ಲಿ ಬರೆದಿದ್ದೇನೆ. ಒಂದು ದಿನವೂ ಅವರು ಬಾಯಿಬಿಟ್ಟಿಲ್ಲ. ನನ್ನ ತಮಾಷೆಯನ್ನೇ ತೆಗೆದು ನನ್ನ ತಪ್ಪಿನ ಮೇಲೆ ಹೊದಿಸಿದ್ದಾರೆ.

ಆ ಮನೆಗೆ ಹೂಂ ಅಂದುಬಿಡು. ಬರುತ್ತೇವೆ. ನಾನು ಪುಸ್ತಕ ನೋಡಿದ್ದು ಅಪ್ಪನಿಗೆ ಹೇಳಬೇಡ, ಅವರೇ ಕಳ್ಳರಾಗಿರಲಿ. ಅವರಿಗೆ ಎಪ್ಪತ್ತು ತುಂಬಿತು ಅಂತ ಫೋನ್ ಮಾಡಿ ಹಾರೈಸು, ನನಗೂ ನೆನಪಿಸು. ಹೆದರಿಕೆಯಾಗುತ್ತಿದೆ ಮಗಳೇ. ಅಂದಹಾಗೆ ನಿನ್ನ ಮೊಣಕಾಲು ಹೇಗಿದೆ? ಆಗಲೇ ಕೇಳಿದ್ದರೆ ಬೇಸರಿಸದೆ ಇನ್ನೊಮ್ಮೆ ಹೇಳು.