ಫೆಬ್ರುವರಿಯ ಬಿಸಿಯಲ್ಲಿ ಒಣಗಿದ ಬಟ್ಟೆ

ಬ್ರನೋ, ಅಕ್ಟೋಬರ್

ತಂಗಿ ವ್ಲಾಸ್ತಾ,

ಸುಖವಾಗಿ ಬಂದು ಸೇರಿದೆ. ಮೊಮ್ಮಗಳು ಬ್ಲಾಂಕಾಳ ಹೊಸ ಮನೆಯಲ್ಲಿ ಒಲೆಯೂ ಇಲ್ಲ, ಸೌದೆಯೂ ಇಲ್ಲ. ನೆಲಮಾಳಿಗೆಯ ದೊಡ್ಡ ಪೆಟ್ಟಿಗೆಗಳ ತುಂಬ ಉಪ್ಪು, ತಿನ್ನುವ ಉಪ್ಪಲ್ಲ. ಬೇಸಿಗೆಯ ಬಿಸಿಲಿನಿಂದ ಅದನ್ನು ಒಣಗಿಸಿ ಮುಚ್ಚಿಡುತ್ತಾರೆ. ಚಳಿಗಾಲದಲ್ಲಿ ಅದರೊಳಗೆ ತೇವದ ಗಾಳಿ ಬಿಟ್ಟರೆ ಆ ಕಾವೆಲ್ಲ ಹೊರಗೆ ಬಂದು ಮನೆ ಬೆಚ್ಚಗಾಗುತ್ತದಂತೆ. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಮುಗ್ಗಲು ಹಿಡಿದೀತೆಂದು ಒಂದು ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು, ಅದರ ಮೇಲೆಯೇ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದೆ. ಮಧ್ಯಾಹ್ನದೊಳಗೆ ಬಟ್ಟೆ ಗರಿಗರಿ. ಪೆಟ್ಟಿಗೆ ಮುಟ್ಟಿದರೆ ಕಾವಿಗೆ ಕೂತ ಕೋಳಿಯ ಹೊಟ್ಟೆಯಷ್ಟು ಬಿಸಿ.

ಬ್ಲಾಂಕಾಳ ಗಂಡ ರಾದಿಮ್ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. "ಅಜ್ಜಿ, ಫೆಬ್ರುವರಿಗೆ ಅಂತ ಇಟ್ಟಿದ್ ಬಿಸೀನ ಈಗ್ಲೇ ಖಾಲಿ ಮಾಡಿದ್ರಲ್ಲ. ಮಗು ಹುಟ್ಟೋದು ಆಗ್ಲೇ."

"ಇಷ್ಟು ಓದಿದೋನು ಪೆಟ್ಟಿಗೆ ಮೇಲೆ ತೆರೀಬೇಡಿ ಅಂತ ನಾಲ್ಕಕ್ಷರ ಬರ್ದಿದ್ರೆ ಕೈ ಸವೀತಿತ್ತೇನೋ?" ಅಂದೆ. "ಇನ್ನೊಂದ್ಸಲ ಒಣಗ್ಸು."

"ಬಿಸಿಲು ಎಲ್ಲಿಂದ ತರ್ಲಿ?"

ಬ್ಲಾಂಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸುಮ್ನಿರೋ. ಇದೇ ಮೊದಲ್ನೇ ಚಳಿಗಾಲ, ಉಪ್ಪು ಬಿಸಿ ಆಗತ್ತೋ ಇಲ್ವೋ ಅಂತ ನೀನೇ ಹೆದರ್ತಿದ್ದೆ. ಅಜ್ಜಿ ಪರೀಕ್ಷೆ ಮಾಡಿ ತೋರ್ಸಿದ್ರಲ್ಲ."

ಅದಕ್ಕೆ ಅವನಿಗೂ ನಗು ಬಂತು. ಮುಚ್ಚಳ ಹಾಕಿ ಬಂದು ನನ್ನ ತಟ್ಟೆಗೆ ಇನ್ನೊಂದು ಕಡುಬು ಬಡಿಸಿದ.

ಮಂಡಿನೋವು ಕಡಿಮೆಯಾಗಿದೆ. ನನ್ನ ಹೆಬ್ಬಾತಿನ ಪುಕ್ಕದ ರಜಾಯಿಯನ್ನು ಬಸ್ಸಿನವನ ಕೈಲಿ ಕಳಿಸು. ಫೆಬ್ರುವರಿಯಲ್ಲಿ ಉಪ್ಪು ಸಾಲದೆ ಹೋದರೆ ಮಗು ನನ್ನ ಪಕ್ಕದಲ್ಲಿ ಮಲಗುತ್ತದೆ. ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ಅಕ್ಕ